ಗ್ಯಾಸ್ ಮತ್ತು ಕರೆಂಟಿನ ಖರ್ಚು: ಎರಡನ್ನೂ ಒಂದೇ ಲೆಕ್ಕದಲ್ಲಿ ಇಳಿಸುವ ಬಗೆ

ತುಮಕೂರು ಜಿಲ್ಲೆಯ ಹೆಚ್ಚಿನ ಮನೆಗಳಲ್ಲಿ ಗ್ಯಾಸಿನ ಲೆಕ್ಕ ಒಬ್ಬರ ಕೈಯಲ್ಲಿರುತ್ತದೆ, ಕರೆಂಟ್ ಬಿಲ್ಲಿನ ಲೆಕ್ಕ ಇನ್ನೊಬ್ಬರ ಕೈಯಲ್ಲಿರುತ್ತದೆ. ಸಿಲಿಂಡರ್ ಬೇಗ ಮುಗಿಯುತ್ತಿದೆ ಎಂದು ಸ್ನಾನದ ನೀರನ್ನು ಗೀಸರಿಗೆ ವರ್ಗಾಯಿಸುತ್ತಾರೆ. ಬಿಲ್ಲು ಏರಿತೆಂದು ಗೀಸರ್ ಆರಿಸಿ ಮತ್ತೆ ಒಲೆಯ ಮೇಲೆ ಪಾತ್ರೆ ಇಡುತ್ತಾರೆ. ಒಂದು ಕಡೆಯ ಉಳಿತಾಯ ಇನ್ನೊಂದು ಕಡೆ ಖರ್ಚಾಗಿ ಹೊರಬರುತ್ತದೆ. ಆದ್ದರಿಂದ ಈ ಲೇಖನದಲ್ಲಿ ಎರಡನ್ನೂ ಒಟ್ಟಿಗೆ ಇಟ್ಟು, ಯಾವ ಕೆಲಸವನ್ನು ಯಾವುದರಿಂದ ಮಾಡಿದರೆ ನಿಮ್ಮ ಮನೆಗೆ ಲಾಭ ಎಂಬುದನ್ನು ಹಂತ ಹಂತವಾಗಿ ನೋಡೋಣ.

ಮೊದಲ ಹೆಜ್ಜೆ: ಬಿಲ್ಲನ್ನು ಪೂರ್ತಿ ಓದಿ

ಬೆಸ್ಕಾಂ ಬಿಲ್ಲಿನಲ್ಲಿ ಕೊನೆಯ ಮೊತ್ತವನ್ನು ಮಾತ್ರ ನೋಡಿ ಮಡಚಿಡಬೇಡಿ. ನಿಮಗೆ ಬೇಕಾದದ್ದು ಮೂರು ಅಂಕಿಗಳು: ಈ ತಿಂಗಳು ಬಳಸಿದ ಯೂನಿಟ್, ಗೃಹಜ್ಯೋತಿಯಡಿ ನಿಮ್ಮ ಮನೆಗೆ ನಿಗದಿಯಾಗಿರುವ ಯೂನಿಟ್, ಮತ್ತು ಮಂಜೂರಾದ ಲೋಡ್, ಅಂದರೆ ನಿಮ್ಮ ಸಂಪರ್ಕಕ್ಕೆ ಬೆಸ್ಕಾಂ ಒಪ್ಪಿರುವ ಕಿಲೋವ್ಯಾಟ್.

2023ರ ಜುಲೈನಿಂದ ಜಾರಿಯಲ್ಲಿರುವ ಗೃಹಜ್ಯೋತಿಯಲ್ಲಿ ಎಲ್ಲರಿಗೂ 200 ಯೂನಿಟ್ ಉಚಿತ ಎಂದು ಇಂದಿಗೂ ಹಲವರು ತಿಳಿದಿದ್ದಾರೆ. 200 ಎಂಬುದು ಮೇಲಿನ ಗಡಿ ಮಾತ್ರ. ನಿಮ್ಮ ಪಾಲು 2022–23ನೇ ಸಾಲಿನಲ್ಲಿ ನಿಮ್ಮ ಮನೆಯ ತಿಂಗಳ ಸರಾಸರಿ ಬಳಕೆ ಎಷ್ಟಿತ್ತೋ ಅದು, ಮತ್ತು ಸಾಮಾನ್ಯವಾಗಿ ಅದರ ಮೇಲೆ ಶೇ. 10. ಆಗ ಸರಾಸರಿ 90 ಯೂನಿಟ್ ಬಳಸಿದ್ದರೆ ಈಗ ನಿಮಗೆ 99 ಯೂನಿಟ್ ಉಚಿತ. ಹಳೆಯ ದಾಖಲೆಯಿಲ್ಲದ ಹೊಸ ಮನೆಗಳಿಗೆ ರಾಜ್ಯದ ಸರಾಸರಿಯಾದ 53 ಯೂನಿಟ್ ಹಿಡಿದು, ಶೇ. 10 ಸೇರಿಸಿ 58 ಯೂನಿಟ್ ಕೊಡಲಾಗುತ್ತದೆ. ನಿಮ್ಮ ಪಾಲನ್ನು ದಾಟಿ 200ರೊಳಗೆ ಇದ್ದರೆ ಹೆಚ್ಚುವರಿ ಬಳಕೆಯ ಹಣ ಕಟ್ಟಬೇಕು. 200 ದಾಟಿದರೆ ಆ ತಿಂಗಳ ಇಡೀ ಬಿಲ್ಲನ್ನು ನೀವೇ ಕಟ್ಟಬೇಕು.

ಈ ಕೊನೆಯ ಸಾಲಿನ ಬಗ್ಗೆ ಸ್ವಲ್ಪ ನಿಂತು ಯೋಚಿಸಿ. ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ 2024ರಲ್ಲಿ ಗೃಹಬಳಕೆಯ ಹಂತ ಹಂತದ ದರಗಳನ್ನು ತೆಗೆದು ಒಂದೇ ದರ ಮಾಡಿತು. 2025–26ನೇ ಸಾಲಿಗೆ ಅದು ಯೂನಿಟ್ಟಿಗೆ 5 ರೂಪಾಯಿ 80 ಪೈಸೆ. ಇದರ ಮೇಲೆ ಶೇ. 9 ತೆರಿಗೆ, 36 ಪೈಸೆ ಪಿಂಚಣಿ–ಗ್ರಾಚ್ಯುಟಿ ಶುಲ್ಕ ಸೇರಿದರೆ ಯೂನಿಟ್ಟಿಗೆ ಸುಮಾರು 6 ರೂಪಾಯಿ 70 ಪೈಸೆ ಬೀಳುತ್ತದೆ. ಮಂಜೂರಾದ ಲೋಡಿನ ಪ್ರತಿ ಕಿಲೋವ್ಯಾಟಿಗೆ 145 ರೂಪಾಯಿ ನಿಗದಿತ ಶುಲ್ಕ ಬೇರೆ. ಎರಡು ಕಿಲೋವ್ಯಾಟ್ ಲೋಡಿನ ಮನೆಯಲ್ಲಿ 201 ಯೂನಿಟ್ ಉರಿದರೆ ಬಿಲ್ಲು 1,600 ರೂಪಾಯಿ ಆಸುಪಾಸು ಬರುತ್ತದೆ. 190ರ ಸಮೀಪ ಪಾಲಿರುವ ಮನೆಗೆ, ಹಬ್ಬಕ್ಕೆ ನೆಂಟರು ಬಂದು ಹೋದ ತಿಂಗಳಲ್ಲಿ ಕೆಲವೇ ಯೂನಿಟ್ ಹೆಚ್ಚಾದದ್ದಕ್ಕೆ ಬೀಳುವ ಹೊರೆ ಇದು. ದರಗಳು ಆಯೋಗದ ಆದೇಶದಂತೆ ಬದಲಾಗುವುದರಿಂದ ನಿಮ್ಮ ಇತ್ತೀಚಿನ ಬಿಲ್ಲಿನ ದರವನ್ನೇ ಇಟ್ಟುಕೊಂಡು ಲೆಕ್ಕ ಹಾಕಿ.

ಬಿಲ್ಲು ಬಂದ ಮೇಲೆ ನೋಡಿ ಮಾಡುವುದೇನೂ ಇಲ್ಲ. ರೀಡಿಂಗ್ ತೆಗೆದ ದಿನದ ಅಂಕಿಯನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದುಕೊಂಡು, ಪ್ರತಿ ಭಾನುವಾರ ಮೀಟರಿನ ಕೆ.ಡಬ್ಲ್ಯು.ಎಚ್. (ಯೂನಿಟ್) ಅಂಕಿಯನ್ನು ಅದರ ಕೆಳಗೆ ಬರೆಯಿರಿ. ಎರಡನೆಯ ವಾರಕ್ಕೇ ಪಾಲಿನ ಅರ್ಧಕ್ಕಿಂತ ಹೆಚ್ಚು ಮುಗಿದಿದ್ದರೆ, ಉಳಿದ ಎರಡು ವಾರ ಕೈ ಬಿಗಿ ಹಿಡಿಯಲು ಇನ್ನೂ ಸಮಯವಿರುತ್ತದೆ. ಹಾಗೆಯೇ ಹೊಸ ಸಿಲಿಂಡರ್ ಹಚ್ಚಿದ ದಿನಾಂಕವನ್ನೂ ಅದೇ ಕ್ಯಾಲೆಂಡರಿನಲ್ಲಿ ಗುರುತು ಮಾಡಿ.

ಎರಡನೆಯ ಹೆಜ್ಜೆ: ಒಂದು ಕಿಲೋ ಗ್ಯಾಸಿಗೆ ಹತ್ತು ಯೂನಿಟ್

ಗ್ಯಾಸ್ ಮತ್ತು ಕರೆಂಟನ್ನು ಹೋಲಿಸಲು ಒಂದು ಸುಲಭ ಅಳತೆ ಬೇಕು. ಒಂದು ಕಿಲೋ ಎಲ್‌ಪಿಜಿಯಲ್ಲಿ ಸುಮಾರು 12.7 ಯೂನಿಟ್ಟಿನಷ್ಟು ಶಾಖವಿದೆ. ಒಳ್ಳೆಯ ಒಲೆ ಅದರಲ್ಲಿ ಮೂರನೇ ಎರಡು ಭಾಗವನ್ನು ಪಾತ್ರೆಗೆ ಮುಟ್ಟಿಸುತ್ತದೆ. ಉಳಿದದ್ದು ಸುತ್ತಲಿನ ಗಾಳಿಗೆ ಹೋಗುತ್ತದೆ. ಇಂಡಕ್ಷನ್ ಒಲೆ ತಾನು ಎಳೆದ ಕರೆಂಟಿನಲ್ಲಿ ಶೇ. 85ರಷ್ಟನ್ನು ಪಾತ್ರೆಗೆ ಕೊಡುತ್ತದೆ. ಹೀಗೆ ಲೆಕ್ಕ ಹಿಡಿದರೆ ಒಂದು ಕಿಲೋ ಗ್ಯಾಸ್ ಮಾಡುವ ಅಡುಗೆಯನ್ನು ಇಂಡಕ್ಷನ್ನಿನಲ್ಲಿ ಮಾಡಲು ಸರಿಸುಮಾರು ಹತ್ತು ಯೂನಿಟ್ ಬೇಕು.

2025ರ ಏಪ್ರಿಲ್‌ನಲ್ಲಿ 50 ರೂಪಾಯಿ ಏರಿದ ಮೇಲೆ 14.2 ಕಿಲೋ ಸಿಲಿಂಡರಿನ ಬೆಲೆ ಬೆಂಗಳೂರಿನಲ್ಲಿ 855 ರೂಪಾಯಿ 50 ಪೈಸೆ ಆಯಿತು. ಆ ಬೆಲೆಗೆ ಕಿಲೋ ಗ್ಯಾಸ್ 60 ರೂಪಾಯಿ. ಹಣ ಕಟ್ಟಿ ಬಳಸುವ ಹತ್ತು ಯೂನಿಟ್ ಕರೆಂಟಿಗೆ 67 ರೂಪಾಯಿ. ಅಂದರೆ ದುಡ್ಡು ಕೊಟ್ಟು ಕೊಳ್ಳುವಾಗ ಎರಡಕ್ಕೂ ದೊಡ್ಡ ಅಂತರವಿಲ್ಲ, ಗ್ಯಾಸೇ ಒಂದು ಕೈ ಅಗ್ಗ. ಉಜ್ವಲಾ ಸಂಪರ್ಕದ ಮನೆಗೆ ಸಿಲಿಂಡರಿಗೆ 300 ರೂಪಾಯಿ ಸಬ್ಸಿಡಿ ಬರುವುದರಿಂದ ಅಲ್ಲಿ ಗ್ಯಾಸ್ ಇನ್ನಷ್ಟು ಅಗ್ಗ.

ಆದರೆ ಗೃಹಜ್ಯೋತಿಯ ಪಾಲಿನಲ್ಲಿ ಯೂನಿಟ್ ಉಳಿಯುತ್ತಿರುವ ಮನೆಯ ಲೆಕ್ಕವೇ ಬೇರೆ. ಮೇಲೆ ಹೇಳಿದ 99 ಯೂನಿಟ್ಟಿನ ಮನೆ ಪ್ರತಿ ತಿಂಗಳು 72 ಮಾತ್ರ ಬಳಸುತ್ತಿದೆ ಎನ್ನಿ. ಉಳಿದ 27 ಯೂನಿಟ್ ಮುಂದಿನ ತಿಂಗಳಿಗೆ ಬರುವುದಿಲ್ಲ. ಅದರಲ್ಲಿ ಅನ್ನ, ಕಾಫಿ–ಟೀ, ಹಾಲು ಕಾಯಿಸುವುದನ್ನು ಇಂಡಕ್ಷನ್ನಿಗೆ ಬಿಟ್ಟರೆ ತಿಂಗಳಿಗೆ 2.7 ಕಿಲೋ ಗ್ಯಾಸ್, ಅಂದರೆ 160 ರೂಪಾಯಿ ಉಳಿಯುತ್ತದೆ. ಪಾಲು ಈಗಾಗಲೇ ಪೂರ್ತಿ ಖರ್ಚಾಗುತ್ತಿದ್ದರೆ ಇಂಡಕ್ಷನ್ ಕೊಂಡು ಪ್ರಯೋಜನವಿಲ್ಲ. ಅಕ್ಕಪಕ್ಕದ ಮನೆಯವರು ಕೊಂಡರೆಂದು ಕೊಳ್ಳುವ ಮೊದಲು ಕಳೆದ ಆರು ತಿಂಗಳ ಬಿಲ್ಲುಗಳನ್ನು ಮುಂದಿಟ್ಟುಕೊಂಡು ಈ ಒಂದು ಲೆಕ್ಕವನ್ನು ಮಾಡಿ. ಬೇಸಿಗೆಯಲ್ಲಿ ಫ್ಯಾನು ಹಗಲಿರುಳು ತಿರುಗುವುದರಿಂದ ಉಳಿಕೆ ಕಡಿಮೆಯಾಗುತ್ತದೆ ಎಂಬುದನ್ನೂ ಮರೆಯಬೇಡಿ.

ತುಮಕೂರು ನಗರದಲ್ಲಿ ಕೊಳವೆ ಗ್ಯಾಸ್ ಬಂದಿರುವ ಬಡಾವಣೆಯವರು ಸುಮಾರು 18 ಘನ ಮೀಟರ್ ಅನಿಲ ಒಂದು ಸಿಲಿಂಡರಿಗೆ ಸಮ ಎಂದು ಹಿಡಿದು ಹೋಲಿಸಿಕೊಳ್ಳಬಹುದು.

ಮೂರನೆಯ ಹೆಜ್ಜೆ: ಸ್ನಾನದ ನೀರು

ಅಡುಗೆಮನೆಗಿಂತ ಮೊದಲು ಬಚ್ಚಲುಮನೆಯನ್ನು ನೋಡಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ, ಏಕೆಂದರೆ ದೊಡ್ಡ ಸೋರಿಕೆ ಇರುವುದು ಅಲ್ಲಿ. 20 ಲೀಟರಿನ ಒಂದು ಬಕೆಟ್ ನೀರಿನ ಬಿಸಿಯನ್ನು 20 ಡಿಗ್ರಿ ಏರಿಸಲು ಹೆಚ್ಚುಕಡಿಮೆ ಅರ್ಧ ಯೂನಿಟ್ ಬೇಕು. ಗೀಸರ್ ಇರಲಿ, ಬಕೆಟ್ಟಿಗೆ ಇಳಿಬಿಡುವ ಕಾಯಿಲ್ ಇರಲಿ, ಈ ಅಂಕಿ ಅಷ್ಟೇ. ನಾಲ್ಕು ಜನರ ಮನೆಯಲ್ಲಿ ದಿನಕ್ಕೆ ಎರಡು ಯೂನಿಟ್, ತಿಂಗಳಿಗೆ 60 ಯೂನಿಟ್. ಹೊಸ ಮನೆಗೆ ಸಿಗುವ 58 ಯೂನಿಟ್ ಪೂರ್ತಿ ಸ್ನಾನಕ್ಕೇ ಮುಗಿಯಿತು. ಅದೇ ನೀರನ್ನು ಗ್ಯಾಸಿನಲ್ಲಿ ಕಾಯಿಸಿದರೆ ತಿಂಗಳಿಗೆ ಆರೂವರೆ ಕಿಲೋಗಿಂತ ಹೆಚ್ಚು, ಅಂದರೆ ಅರ್ಧ ಸಿಲಿಂಡರ್ ಹೋಗುತ್ತದೆ. ಸಿಲಿಂಡರ್ ತಿಂಗಳಿಗೇ ಮುಗಿಯುತ್ತದೆ ಎಂದು ಕೊರಗುವ ಮನೆಗಳಲ್ಲಿ ಒಲೆಯ ಮೇಲೆ ದಿನಾ ಬೆಳಿಗ್ಗೆ ಯಾವ ಪಾತ್ರೆ ಕೂರುತ್ತದೆ ಎಂದು ನೋಡಿದರೆ ಕಾರಣ ಅಲ್ಲೇ ಸಿಗುತ್ತದೆ.

ಹಳ್ಳಿಯ ಮನೆಗಳಲ್ಲಿ ಇದಕ್ಕೆ ಉತ್ತರ ಹಿತ್ತಲಲ್ಲೇ ಬಿದ್ದಿದೆ. ತಿಪಟೂರು, ತುರುವೇಕೆರೆ, ಗುಬ್ಬಿ, ಚಿಕ್ಕನಾಯಕನಹಳ್ಳಿಯ ಕಡೆ ತೋಟವಿರುವ ಮನೆಗೆ ಒಣಗರಿ, ಮಟ್ಟೆ, ಕರಟ ವರ್ಷವಿಡೀ ಸಿಗುತ್ತವೆ. ಶಿಡ್ಲಘಟ್ಟದ ರೇಷ್ಮೆ ಸೀಮೆಯಲ್ಲಿ ಹುಳುವಿಗೆ ಸೊಪ್ಪು ಹಾಕಿ ಉಳಿದ ಹಿಪ್ಪುನೇರಳೆ ಕಡ್ಡಿ ಇದೇ ಕೆಲಸಕ್ಕೆ ಬರುತ್ತದೆ. ಬಚ್ಚಲಿನ ಹಂಡೆಯ ಒಲೆಯನ್ನು ಒಡೆದು ಗೀಸರ್ ಹಾಕಿಸಬೇಕೆಂದು ಮಕ್ಕಳು ಹೇಳಿದರೆ, ಗೀಸರನ್ನು ಮಳೆಗಾಲದ ಅಗತ್ಯಕ್ಕೆ ಇಟ್ಟುಕೊಂಡು ಹಂಡೆಯನ್ನೂ ಉಳಿಸಿಕೊಳ್ಳಿ ಎಂದೇ ನಾನು ಹೇಳುತ್ತೇನೆ. ಆದರೆ ಒಲೆಯ ಬಾಯಿ ಬಚ್ಚಲಿನ ಹೊರಗಿರಲಿ, ಹೊಗೆ ಹೋಗಲು ಕೊಳವೆ ಇರಲಿ. ದಿನವೂ ಹೊಗೆ ಕುಡಿಯುವ ಹೆಂಗಸರ ಕಣ್ಣು, ಎದೆಯ ಮುಂದೆ ನೂರು ರೂಪಾಯಿಯ ಉಳಿತಾಯ ಲೆಕ್ಕಕ್ಕೆ ಬರುವುದಿಲ್ಲ.

ಊರೊಳಗಿನ ತಾರಸಿ ಮನೆಗೆ ಸೋಲಾರ್ ವಾಟರ್ ಹೀಟರ್ ಎಲ್ಲಕ್ಕಿಂತ ಒಳ್ಳೆಯದು. ನಾಲ್ಕು ಜನರಿಗೆ 100 ಲೀಟರಿನದು ಸಾಕು. ಕೊಳ್ಳುವ ಮೊದಲು ನಿಮ್ಮ ನೀರನ್ನು ನೋಡಿಕೊಳ್ಳಿ. ನಮ್ಮ ಜಿಲ್ಲೆಯ ಬಹುಪಾಲು ಬೋರ್‌ವೆಲ್ ನೀರು ಗಡಸು. ಅದು ಕಾದಾಗ ಸುಣ್ಣದ ಪದರ ಬಿಡುತ್ತದೆ, ಗೀಸರಿನ ಕಾಯಿಲ್ ಮೇಲೆ, ಸೋಲಾರಿನ ಕೊಳವೆಗಳೊಳಗೆ ಅದು ಗಟ್ಟಿಯಾಗಿ ಕೂತು ಶಾಖವನ್ನು ನೀರಿಗೆ ಬಿಡುವುದಿಲ್ಲ. ಇಂಥ ನೀರಿಗೆ ಯಾವ ಬಗೆಯ ಸೋಲಾರ್ ಸರಿ ಎಂದು ಅಂಗಡಿಯವರನ್ನು ಕೇಳುವಾಗ, ಅದೇ ಬಡಾವಣೆಯಲ್ಲಿ ಐದಾರು ವರ್ಷದಿಂದ ಬಳಸುತ್ತಿರುವ ಒಂದು ಮನೆಯವರನ್ನೂ ಕೇಳಿ. ಗೀಸರಿನ ಕಾಯಿಲನ್ನು ವರ್ಷಕ್ಕೊಮ್ಮೆ ಬಿಚ್ಚಿಸಿ ಪದರ ತೆಗೆಸಿ.

ಗೀಸರ್ ಮಾತ್ರವೇ ಇರುವವರು ಅದರ ಬಿಸಿಯ ಮಿತಿಯನ್ನು 50–55 ಡಿಗ್ರಿಗೆ ಇಳಿಸಿ. ಎರಡು ಕಿಲೋವ್ಯಾಟಿನ ಗೀಸರ್ 15 ಲೀಟರನ್ನು ಆ ಬಿಸಿಗೆ ತರಲು ಹದಿನೇಳು–ಹದಿನೆಂಟು ನಿಮಿಷ ಸಾಕು. ಎದ್ದ ಕೂಡಲೇ ಸ್ವಿಚ್ ಒತ್ತಿ ಎಲ್ಲರ ಸ್ನಾನ ಮುಗಿಯುವವರೆಗೂ ಬಿಡುವುದಕ್ಕಿಂತ, ಒಬ್ಬರ ಹಿಂದೆ ಒಬ್ಬರು ಸ್ನಾನ ಮುಗಿಸಿ ಆರಿಸಿಬಿಡುವುದು ಮೇಲು.

ನಾಲ್ಕನೆಯ ಹೆಜ್ಜೆ: ಒಲೆಯ ಮುಂದೆ

ಕುದಿಯುವ ನೀರಿನ ಬಿಸಿ ಉರಿ ಹೆಚ್ಚಿಸಿದರೂ ಹೆಚ್ಚುವುದಿಲ್ಲ. ಹೆಚ್ಚುವುದು ಆವಿ ಮಾತ್ರ. ಒಂದು ಲೀಟರ್ ನೀರನ್ನು ಕುದಿಗೆ ತರಲು ಎಷ್ಟು ಶಾಖ ಬೇಕೋ ಅದರ ಸುಮಾರು ಏಳು ಪಟ್ಟು ಶಾಖ ಅದನ್ನು ಆವಿ ಮಾಡಿ ಹಾರಿಸಲು ಬೇಕು. ಮುಚ್ಚಳವಿಲ್ಲದೆ ಕೊತಕೊತ ಕುದಿಯುವ ಪಾತ್ರೆಯಿಂದ ನಿಮ್ಮ ಗ್ಯಾಸ್ ಹೋಗುವ ದಾರಿ ಇದು. ಆದ್ದರಿಂದ ಕುದಿ ಬರುವವರೆಗೆ ಮುಚ್ಚಳ ಹಾಕಿ ದೊಡ್ಡ ಉರಿ, ಕುದಿ ಬಂದ ಮೇಲೆ ಸಣ್ಣ ಉರಿ: ಅಡುಗೆಮನೆಯಲ್ಲಿ ಇದೊಂದನ್ನೇ ಪಾಲಿಸಿದರೂ ಸಿಲಿಂಡರ್ ಕೆಲವು ದಿನ ಹೆಚ್ಚು ಬರುತ್ತದೆ.

ಮುದ್ದೆಯನ್ನೇ ತೆಗೆದುಕೊಳ್ಳಿ, ದಿನಕ್ಕೊಮ್ಮೆಯಾದರೂ ಆಗುವ ಅಡುಗೆ. ಎಸರಿಗೆ ಇಟ್ಟ ನೀರನ್ನು ಮುಚ್ಚಿ ಕಾಯಿಸಿ. ಒಂದು ಚಮಚ ಹಿಟ್ಟನ್ನು ತಣ್ಣೀರಿನಲ್ಲಿ ಕದಡಿ ಅದಕ್ಕೆ ಹಾಕಿ, ಅದು ಗಂಜಿಯಂತೆ ಉಕ್ಕಿ ಬಂದಾಗ ಉಳಿದ ರಾಗಿಹಿಟ್ಟನ್ನು ನಡುವೆ ಗುಡ್ಡೆ ಹಾಕಿ, ಕೋಲಿನಿಂದ ಮಧ್ಯೆ ಒಂದು ತೂತು ಮಾಡಿ. ಇಲ್ಲಿಂದ ಮುಂದೆ ದೊಡ್ಡ ಉರಿ ಬೇಡ. ಬರ್ನರನ್ನು ಸಿಮ್ಮಿಗೆ ಇಳಿಸಿ, ತಟ್ಟೆ ಮುಚ್ಚಿದರೆ ತೂತಿನಿಂದ ಎಸರು ಮೇಲೆ ಬಂದು ಹಿಟ್ಟು ತಾನೇ ಬೇಯುತ್ತದೆ. ದೊಡ್ಡ ಉರಿಯಲ್ಲಿ ತಳ ಹಿಡಿದು ಸೀಯುತ್ತದೆ, ಮೇಲಿನ ಹಿಟ್ಟು ಹಸಿ ಉಳಿದು ತಿರುವುವಾಗ ಗಂಟಾಗುತ್ತದೆ. ಮುದ್ದೆ ಚೆನ್ನಾಗಿ ಬೇಯುವ ಕ್ರಮವೂ ಗ್ಯಾಸ್ ಉಳಿಸುವ ಕ್ರಮವೂ ಇಲ್ಲಿ ಒಂದೇ.

ಹುರುಳಿ, ಒಣ ಅವರೆಕಾಳು, ಕಡಲೆಯನ್ನು ರಾತ್ರಿಯೇ ನೆನೆಹಾಕಿ. ಕುಕ್ಕರ್ ಕೂಗು ಬರುವ ಮುನ್ಸೂಚನೆ ಕಂಡ ಕೂಡಲೇ ಉರಿ ಇಳಿಸಿ. ಒಳಗಿನ ಒತ್ತಡ ಉಳಿದಿದ್ದರೆ ಬೇಯುತ್ತಲೇ ಇರುತ್ತದೆ, ಕೂಗಿನ ಸಂಖ್ಯೆಗೂ ಬೇಯುವುದಕ್ಕೂ ನೇರ ಸಂಬಂಧವಿಲ್ಲ. ಆರಿಸಿದ ಮೇಲೆ ಒತ್ತಡ ತಾನಾಗಿ ಇಳಿಯಲು ಬಿಡಿ. ಕುಕ್ಕರಿನ ಮೂರು ಬಟ್ಟಲಲ್ಲಿ ಅನ್ನ, ಬೇಳೆ, ತರಕಾರಿಯನ್ನು ಒಟ್ಟಿಗೆ ಇಡುವುದು ಎಲ್ಲರಿಗೂ ಗೊತ್ತಿರುವುದೇ. ಬಸ್ಸಾರಿಗೆ ಕಾಳು–ಸೊಪ್ಪು ಬೇಯಿಸಿ ಬಸಿದ ಕಟ್ಟು ಬಿಸಿ ಇರುವಾಗಲೇ ಒಗ್ಗರಣೆ ಕೊಟ್ಟರೆ ಮತ್ತೆ ಕಾಯಿಸುವ ಕೆಲಸ ಉಳಿಯುತ್ತದೆ. ಫ್ರಿಜ್ಜಿನಿಂದ ತೆಗೆದ ಹಾಲು, ಸಾರನ್ನು ಸ್ವಲ್ಪ ಹೊತ್ತು ಹೊರಗಿಟ್ಟು ಒಲೆಗೆ ಏರಿಸಿ.

ಉರಿ ನೀಲಿಯಾಗಿರಬೇಕು. ಹಳದಿ ತುದಿ ಕಂಡರೆ, ಪಾತ್ರೆಯ ತಳ ಕಪ್ಪಾಗುತ್ತಿದ್ದರೆ, ಬರ್ನರಿನ ತೂತುಗಳಲ್ಲಿ ಉಕ್ಕಿದ ಹಾಲು, ಗಂಜಿ ಸೇರಿಕೊಂಡಿದೆ ಎಂದರ್ಥ. ಬರ್ನರನ್ನು ತೆಗೆದು ಬಿಸಿನೀರು–ಸೋಪಿನಲ್ಲಿ ನೆನೆಸಿ ಹಳೆಯ ಬ್ರಷ್ಷಿನಿಂದ ಉಜ್ಜಿ, ಪೂರ್ತಿ ಒಣಗಿಸಿ ಹಾಕಿ. ಒಳಗಿನ ಜೆಟ್ಟನ್ನು ಮಾತ್ರ ಪಿನ್ನಿನಿಂದ ಕೆದಕಬೇಡಿ. ತೂತು ಅಗಲವಾದರೆ ಗ್ಯಾಸ್ ಹೆಚ್ಚು ಹೋಗುತ್ತದೆ, ಅದು ಮೆಕ್ಯಾನಿಕ್ಕಿನ ಕೆಲಸ. ಹೊಸ ಒಲೆ ಕೊಳ್ಳುವುದಾದರೆ ಐಎಸ್‌ಐ ಗುರುತು ನೋಡಿ. ಆ ಮಾನದಂಡದಂತೆ ಒಲೆ ಕನಿಷ್ಠ ಶೇ. 68 ಶಾಖವನ್ನು ಪಾತ್ರೆಗೆ ಕೊಡಬೇಕು. ಉರಿ ಪಾತ್ರೆಯ ಅಂಚು ದಾಟಿ ಮೇಲೇರುತ್ತಿದ್ದರೆ ಸಣ್ಣ ಬರ್ನರಿಗೆ ಬದಲಿಸಿ.

ಸಿಲಿಂಡರ್ ಬಂದಾಗ ತೂಕ ಹಾಕಿಸಿಕೊಳ್ಳುವುದು ನಿಮ್ಮ ಹಕ್ಕು, ಸಂಕೋಚ ಬೇಡ. ಖಾಲಿ ಸಿಲಿಂಡರಿನ ತೂಕ ಅದರ ಮೇಲೆಯೇ ಬರೆದಿರುತ್ತದೆ. 15.3 ಎಂದಿದ್ದರೆ ತುಂಬಿದ್ದು 29.5 ಕಿಲೋ ತೂಗಬೇಕು. ಅದರ ಜೊತೆಗೇ ಕತ್ತಿನ ಪಟ್ಟಿಯ ಒಳಬದಿಯ ಗುರುತನ್ನೂ ನೋಡಿ: ಎ, ಬಿ, ಸಿ, ಡಿ ಎಂಬ ಇಂಗ್ಲಿಷ್ ಅಕ್ಷರಗಳು ವರ್ಷದ ನಾಲ್ಕು ತ್ರೈಮಾಸಿಕಗಳನ್ನು, ಪಕ್ಕದ ಅಂಕಿ ವರ್ಷವನ್ನು ಹೇಳುತ್ತವೆ, ಮರುಪರೀಕ್ಷೆಯ ಆ ಅವಧಿ ಮೀರಿದ ಸಿಲಿಂಡರನ್ನು ಹಿಂದಕ್ಕೆ ಕಳಿಸಿ. ರಬ್ಬರ್ ಟ್ಯೂಬನ್ನು ಐದು ವರ್ಷಕ್ಕೊಮ್ಮೆ ಬದಲಿಸಿ. ವಾಸನೆ ಬಂದರೆ ಸ್ವಿಚ್ ಮುಟ್ಟದೆ ರೆಗ್ಯುಲೇಟರ್ ಮುಚ್ಚಿ, ಬಾಗಿಲು–ಕಿಟಕಿ ತೆರೆದು, ಹೊರಗೆ ಬಂದು 1906ಕ್ಕೆ ಕರೆ ಮಾಡಿ. ಮುಗಿಯುವ ಸಿಲಿಂಡರನ್ನು ಮಲಗಿಸುವುದು, ಬಿಸಿನೀರಿನಲ್ಲಿ ಇಡುವುದು ಅಪಾಯ. ಅದನ್ನು ಯಾರು ಹೇಳಿಕೊಟ್ಟರೂ ಮಾಡಬೇಡಿ.

ಐದನೆಯ ಹೆಜ್ಜೆ: ಸದಾ ಉರಿಯುವ ಕರೆಂಟು

ವ್ಯಾಟನ್ನು ಗಂಟೆಯಿಂದ ಗುಣಿಸಿ 1,000ದಿಂದ ಭಾಗಿಸಿದರೆ ಯೂನಿಟ್. ಈ ಲೆಕ್ಕ ಗೊತ್ತಿದ್ದರೆ ಮಿಕ್ಸಿಯ ಬಗ್ಗೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ ಎಂದು ತಿಳಿಯುತ್ತದೆ. 750 ವ್ಯಾಟಿನದಾದರೂ ಅದು ಓಡುವುದು ಕೆಲವೇ ನಿಮಿಷ. ಹಳೆಯ 75 ವ್ಯಾಟಿನ ಫ್ಯಾನು ದಿನಕ್ಕೆ 12 ಗಂಟೆ ತಿರುಗಿದರೆ ತಿಂಗಳಿಗೆ 27 ಯೂನಿಟ್. ಕಡಿಮೆ ಕರೆಂಟು ಎಳೆಯುವ ಹೊಸ ಬಗೆಯ ಮೋಟಾರಿನ, ಸುಮಾರು 30 ವ್ಯಾಟಿನ ಬಿಎಲ್‌ಡಿಸಿ ಫ್ಯಾನಿಗೆ ಅದೇ ಗಾಳಿಗೆ 11 ಯೂನಿಟ್ಟೂ ಆಗುವುದಿಲ್ಲ. ಎಲ್ಲವನ್ನೂ ಒಮ್ಮೆಗೇ ಬದಲಿಸದೆ, ರಾತ್ರಿ ಮಲಗುವ ಕೋಣೆಯದನ್ನು ಮೊದಲು ಬದಲಿಸಿ. ಟಿವಿಯ ಸೆಟ್‌ಟಾಪ್ ಬಾಕ್ಸನ್ನು ರಿಮೋಟಿನಲ್ಲಿ ಆರಿಸಿದರೂ ಕರೆಂಟು ಎಳೆಯುತ್ತಲೇ ಇರುತ್ತದೆ. ಹತ್ತು ವ್ಯಾಟಿನ ಲೆಕ್ಕದಲ್ಲಿ ತಿಂಗಳಿಗೆ ಏಳು ಯೂನಿಟ್. ಗೋಡೆಯ ಸ್ವಿಚ್ಚನ್ನೇ ಆರಿಸಿ. ಟ್ಯೂಬ್‌ಲೈಟು ಇನ್ನೂ ಚೋಕಿನದಾಗಿದ್ದರೆ 20 ವ್ಯಾಟಿನ ಎಲ್‌ಇಡಿ ಪಟ್ಟಿ ಹಾಕಿಸಿ.

ಫ್ರಿಜ್ಜಿನ ಹಿಂದೆ ಒಂದು ಗೇಣಾದರೂ ಜಾಗ ಬಿಡಿ, ಬಿಸಿ ಪಾತ್ರೆ ಒಳಗಿಡಬೇಡಿ. ಬಾಗಿಲಿನ ರಬ್ಬರಿಗೆ ಒಂದು ಹಾಳೆ ಸಿಕ್ಕಿಸಿ ಬಾಗಿಲು ಹಾಕಿ ಎಳೆದು ನೋಡಿ. ಸಲೀಸಾಗಿ ಬಂದರೆ ರಬ್ಬರ್ ಬದಲಿಸಬೇಕು. ಸಂಪಿನಿಂದ ಮೇಲಿನ ಟ್ಯಾಂಕಿಗೆ ನೀರೇರಿಸುವ ಮೋಟಾರು ಒಂದು ಗಂಟೆಗೆ ಹೆಚ್ಚುಕಡಿಮೆ ಒಂದು ಯೂನಿಟ್ ಬೇಡುತ್ತದೆ. ಟ್ಯಾಂಕ್ ತುಂಬಿ ಬೀದಿಗೆ ಹರಿಯುವುದನ್ನು ತಡೆಯಲು ಫ್ಲೋಟ್ ಸ್ವಿಚ್ ಹಾಕಿಸಿದರೆ ನೀರೂ ಉಳಿಯುತ್ತದೆ, ನಮ್ಮ ಸೀಮೆಯಲ್ಲಿ ಅದರ ಬೆಲೆ ಕರೆಂಟಿಗಿಂತ ಹೆಚ್ಚು.

ಬಿಲ್ಲು ಕಾರಣವಿಲ್ಲದೆ ಏರಿದೆ ಎನ್ನಿಸಿದರೆ ಮೀಟರನ್ನು ದೂರುವ ಮೊದಲು ಒಂದು ಪರೀಕ್ಷೆ ಮಾಡಿ. ಮೀಟರಿನ ಮುಖದ ಮೇಲೆ ಮಿನುಗುವ ಸಣ್ಣ ಕೆಂಪು ದೀಪವಿದೆ, ಅದರ ಪಕ್ಕದಲ್ಲಿ 3200 ಅಥವಾ ಅಂಥದೊಂದು ಸಂಖ್ಯೆ ಇರುತ್ತದೆ. ಅಷ್ಟು ಸಲ ಮಿನುಗಿದರೆ ಒಂದು ಯೂನಿಟ್. ಮನೆಯೊಳಗಿನ ಎಲ್ಲ ಸ್ವಿಚ್ ಆರಿಸಿ, ಫ್ರಿಜ್ಜಿನ ಪ್ಲಗ್ ಕಿತ್ತು, ದೀಪವನ್ನು ಹತ್ತು ನಿಮಿಷ ನೋಡಿ. ಆಗಲೂ ಅದು ಬಿಟ್ಟೂ ಬಿಟ್ಟು ಮಿನುಗುತ್ತಿದ್ದರೆ ವೈರಿಂಗಿನಲ್ಲೋ ಬೋರಿನ ಸಂಪರ್ಕದಲ್ಲೋ ಕರೆಂಟು ಸೋರುತ್ತಿದೆ, ಇಲ್ಲವೇ ನಿಮ್ಮ ಮೀಟರಿನಿಂದ ಬೇರೆಲ್ಲಿಗೋ ಒಂದು ಸಂಪರ್ಕ ಹೋಗಿದೆ. ಇದು ದುಡ್ಡಿಗಿಂತ ಜೀವದ ಪ್ರಶ್ನೆ, ಅಂದೇ ಎಲೆಕ್ಟ್ರಿಷಿಯನ್ನನ್ನು ಕರೆಸಿ. ಸಂಪರ್ಕ ಸರಿಯಿದ್ದೂ ಅನುಮಾನ ಉಳಿದರೆ 1912ಕ್ಕೆ ದೂರು ಕೊಟ್ಟು ಮೀಟರ್ ಪರೀಕ್ಷೆ ಕೇಳಬಹುದು. ಪ್ಲಗ್ಗಿಗೆ ಸಿಕ್ಕಿಸಿದರೆ ಬಿಲ್ಲು ಅರ್ಧವಾಗುತ್ತದೆ ಎಂದು ಮಾರುವ ಡಬ್ಬಿಗಳಿಂದ ಮನೆಯ ಬಿಲ್ಲು ಇಳಿಯುವುದಿಲ್ಲ.

ಪೂರ್ತಿ ಬಿಲ್ಲು ಕಟ್ಟುವ ಮನೆಯವರು ಮಂಜೂರಾದ ಲೋಡನ್ನೂ ಗಮನಿಸಬೇಕು. ಗೀಸರ್, ಇಂಡಕ್ಷನ್, ಇಸ್ತ್ರಿ, ಮೋಟಾರು ಒಂದೇ ಹೊತ್ತಿಗೆ ಓಡಿದರೆ ಆರು ಕಿಲೋವ್ಯಾಟ್ ತಲುಪುತ್ತದೆ, ಮೀಟರು ಅದನ್ನು ದಾಖಲಿಸುತ್ತದೆ, ಮತ್ತು ಅದರ ಆಧಾರದಲ್ಲಿ ಲೋಡ್ ಏರಿಸಿದರೆ ಪ್ರತಿ ತಿಂಗಳ ನಿಗದಿತ ಶುಲ್ಕವೂ ಏರುತ್ತದೆ. ಒಂದು ಮುಗಿದ ಮೇಲೆ ಇನ್ನೊಂದನ್ನು ಹಾಕುವ ಅಭ್ಯಾಸ ಮಾಡಿಕೊಳ್ಳಿ.

ಕೊನೆಯ ಹೆಜ್ಜೆ: ತಾರಸಿಯ ಸೋಲಾರ್ ಯಾರಿಗೆ

2,050 ಮೆಗಾವ್ಯಾಟಿನ ಪಾವಗಡದ ಸೋಲಾರ್ ಪಾರ್ಕ್ ನಮ್ಮ ಜಿಲ್ಲೆಯಲ್ಲೇ ಇರುವುದರಿಂದ ಇಲ್ಲಿನ ಬಿಸಿಲಿನ ಬಗ್ಗೆ ಸಂದೇಹವಿಲ್ಲ. 2024ರಲ್ಲಿ ಆರಂಭವಾದ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ ಎರಡು ಕಿಲೋವ್ಯಾಟಿನವರೆಗೆ ಪ್ರತಿ ಕಿಲೋವ್ಯಾಟಿಗೆ 30,000 ರೂಪಾಯಿ, ಮೂರು ಅಥವಾ ಅದಕ್ಕಿಂತ ಹೆಚ್ಚಿನದಕ್ಕೆ ಒಟ್ಟು 78,000 ರೂಪಾಯಿ ಕೇಂದ್ರದ ಸಹಾಯಧನವಿದೆ. ಒಂದು ಕಿಲೋವ್ಯಾಟ್ ದಿನಕ್ಕೆ ಸುಮಾರು ನಾಲ್ಕು ಯೂನಿಟ್ ಕೊಡುತ್ತದೆ. ಆದರೂ ಗೃಹಜ್ಯೋತಿಯಲ್ಲಿ ಸೊನ್ನೆ ಬಿಲ್ಲು ಬರುತ್ತಿರುವ ಮನೆಗೆ ಇದರಿಂದ ಉಳಿಯುವುದು ಅಲ್ಪ. ಅವರು ಸಾಲ ಮಾಡಿ ಹಾಕಿಸುವುದು ಬೇಡ. ತಿಂಗಳು ತಿಂಗಳು 200 ದಾಟಿ ಪೂರ್ತಿ ಹಣ ಕಟ್ಟುವ ದೊಡ್ಡ ಸಂಸಾರಕ್ಕೆ ಇದು ಸರಿ. ಸಹಾಯಧನ ಬ್ಯಾಂಕ್ ಖಾತೆಗೆ ಬರುವುದು ಕೆಲಸ ಮುಗಿದು ಪರಿಶೀಲನೆಯಾದ ಮೇಲೆ. ಆದ್ದರಿಂದ ಮೊದಲಿಗೆ ಪೂರ್ತಿ ಹಣ ಹೊಂದಿಸಿಕೊಳ್ಳಬೇಕಾಗುತ್ತದೆ. ಒಪ್ಪಂದಕ್ಕೆ ಮುನ್ನ ಬೆಳಿಗ್ಗೆ ಒಂಬತ್ತಕ್ಕೆ, ಮಧ್ಯಾಹ್ನಕ್ಕೆ, ಸಂಜೆ ನಾಲ್ಕಕ್ಕೆ ತಾರಸಿ ಹತ್ತಿ ತೆಂಗಿನ ಗರಿಯ ಅಥವಾ ಪಕ್ಕದ ಕಟ್ಟಡದ ನೆರಳು ಎಲ್ಲಿ ಬೀಳುತ್ತದೆ ಎಂದು ಸೀಮೆಸುಣ್ಣದಲ್ಲಿ ಗೆರೆ ಹಾಕಿ ನೋಡಿ, ಏಕೆಂದರೆ ಫಲಕದ ಒಂದು ಮೂಲೆಗೆ ನೆರಳು ಬಿದ್ದರೂ ಇಡೀ ಸಾಲಿನ ಉತ್ಪಾದನೆ ತಗ್ಗಬಹುದು.